ಹುಳದ ಮನೆಯ ಪರದೆಯಾಚೆ

ಬೆಟ್ಟದ ಹಿಂದೆ ಸೂರ್ಯ ಹುಟ್ಟುವುದನ್ನು ಎಷ್ಟು ವರ್ಷದಿಂದ, ಎಷ್ಟು ಸಲ ತೆಗೆದೆನೋ. ರಾಮನಗರದಲ್ಲಿ ಕ್ಯಾಮೆರಾ ಹಿಡಿದವರೆಲ್ಲ ಮೊದಲು ತೆಗೆಯುವುದು ಅದನ್ನೇ. ನಾನು ಓದಿದ ಕಾನ್ವೆಂಟಿನಲ್ಲಿ ಗೆರೆ ಓರೆಯಾದರೆ ಸಿಸ್ಟರ್ ಪುಟವನ್ನೇ ಹರಿಯುತ್ತಿದ್ದರು. ಅದಕ್ಕೋ ಏನೋ, ನನ್ನ ಫೋಟೊಗಳಲ್ಲಿ ಎಲ್ಲವೂ ನೇರ, ಎಲ್ಲವೂ ನಡುಮಧ್ಯೆ.

ಮೊಬೈಲಿನಲ್ಲಿ ಭಾನುವಾರದ ಫೋಟೊ ತರಗತಿ ನಡೆಸುವ ಹುಡುಗಿ ಹೇಳಿಯೇಬಿಟ್ಟಳು: “ಚೆನ್ನಾಗಿದೆ ಆಂಟಿ. ಆದ್ರೆ ಇದನ್ನ ಯಾರು ಬೇಕಾದ್ರೂ ತೆಗೀಬಹುದು. ಕೊನೇ ಕ್ಲಾಸಿಗೆ ನಿಮ್ಮದೇ ಅನ್ನಿಸೋದು ಒಂದಾದ್ರೂ ತನ್ನಿ.”

ಮೂರು ವಾರ ಅಂಥದ್ದೇನೂ ಸಿಗಲಿಲ್ಲ. ಇದೊಂದು ಸಲ ನೋಡುವುದು, ಆಗದಿದ್ದರೆ ಬಿಟ್ಟೇಬಿಡುವುದು ಎಂದುಕೊಂಡು, ನೋಯುವ ಮಂಡಿಯಲ್ಲೇ ಕನಕಪುರದ ಬಸ್ಸು ಹತ್ತಿದೆ. ಅಲ್ಲಿಗೆ ಹತ್ತಿರದ ಹಳ್ಳಿಯಲ್ಲಿ ನನ್ನ ಓರಗಿತ್ತಿ ರೇಷ್ಮೆ ಹುಳು ಸಾಕುತ್ತಾಳೆ. ಹುಳು ಹಣ್ಣಾಗಿವೆ, ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡುವ ದಿನ ಎಂದಿದ್ದಳು.

ಹುಳದ ಮನೆಯ ಬಾಗಿಲಲ್ಲೇ ಅಡ್ಡ ನಿಂತಳು. “ತಡಿ ಅಕ್ಕ! ಏನಿದು ಗಮಲು? ಏನ್ ಮೆತ್ಕಂಡಿದ್ದೀಯ?”

“ಸೊಳ್ಳೆ ಕ್ರೀಮು. ತೋಟದ ಹತ್ರ ಕಚ್ಚುತ್ವಲ್ಲ ಅಂತ…”

“ಅಯ್ಯೋ, ನಿನ್ ಓದಿಗಿಷ್ಟು! ಸೊಳ್ಳೆ ಓಡ್ಸೋದು ಹುಳ ಉಳಸ್ತದಾ? ಇಪ್ಪತ್ತೈದು ದಿವ್ಸ ಸೊಪ್ಪು ಕುಯ್ದು ಹಾಕಿವ್ನಿ.”

“ಸೋಪು ಹಾಕಿ ತೊಳ್ಕೊಂಡ್ರೆ?”

“ಅದ್ರ ಗಮಲು ಬ್ಯಾರೆ! ಅಲ್ಲೇ ಕೂತ್ಕೊ ನಮ್ಮಕ್ಕ, ಒಸಿ ಬುಡುವಾಗ್ಲಿ, ಕಾಫಿ ಕೊಡ್ತೀನಿ.”

ಬಾಗಿಲ ಮೇಲೆ ನೊಣ ಬಾರದಂತೆ ಕಟ್ಟಿದ್ದ ಹಸಿರು ಬಲೆ ಪರದೆಯನ್ನು ಎಳೆದುಕೊಂಡಳು. ಅಂಗಳದಲ್ಲಿ ಗಿಡ್ಡ ಸ್ಟೂಲಿನ ಮೇಲೆ ಕೂತೆ. ಅವಮಾನವೂ ಆಯಿತು, ಎದ್ದು ಹೋಗಲು ಶಕ್ತಿಯೂ ಇರಲಿಲ್ಲ. ಕ್ಯಾಮೆರಾ ಹಿಡಿದರೆ ಬಲೆಯ ಎಳೆಗಳೇ ಸ್ಪಷ್ಟ. ಅದರಾಚೆ ಅವಳು ಬರೀ ಮಸುಕು. ಹಣ್ಣು ಹುಳುಗಳನ್ನು ಆರಿಸುವ ಎರಡು ಕೈ, ಹಿಂದಿನ ಕಿಟಕಿಯ ಬೆಳಕಿಗೆ ಜೇನಿನ ಬಣ್ಣಕ್ಕೆ ತಿರುಗಿದ ಒಂದು ಹುಳು, ಅಷ್ಟೇ. ಚೌಕಟ್ಟು ವಾಲಿತ್ತು. ನೆಟ್ಟಗೆ ಮಾಡಲು ಬೇಸರವಾಗಿ ಹಾಗೇ ಒತ್ತಿದೆ.

ಭಾನುವಾರ ಆ ಹುಡುಗಿ ಅದನ್ನು ದೊಡ್ಡದು ಮಾಡಿ, ಸಣ್ಣದು ಮಾಡಿ ನೋಡಿದಳು. “ಪರದೆ ಸರಿಸಿ ಯಾಕೆ ತೆಗೀಲಿಲ್ಲ ಆಂಟಿ?”

“ನನ್ನನ್ನ ಒಳಗೇ ಬಿಡಲಿಲ್ಲಮ್ಮ.”

“ಗೊತ್ತಾಗತ್ತೆ. ಆಚೆ ಕೂತವರು ತೆಗೆದಿದ್ದು ಅಂತ ಗೊತ್ತಾಗತ್ತೆ. ಇದು ನಿಮ್ಮದು.”

ಕುಣಿದಾಡುವಷ್ಟು ಸಂತೋಷವೇನೂ ಆಗಲಿಲ್ಲ. ಇಷ್ಟು ವರ್ಷ ಹುಡುಕಿದ್ದು ಇಷ್ಟೇನಾ ಎಂದು ಸುಸ್ತೇ ಆಯಿತು. ಸಾರಿಗೆ ಒಗ್ಗರಣೆ ಹಾಕಿ, ಒಲೆ ಆರಿಸಿ, ಓರಗಿತ್ತಿಗೆ ಫೋನು ಮಾಡಿದೆ. ಮುಂದಿನ ಬೆಳೆ ಯಾವಾಗ ಹಣ್ಣಾಗತ್ತೆ ಎಂದು ಕೇಳಿದೆ.

“ಬಾ ಅಕ್ಕ, ಈ ಸಲ ಏನೂ ಹಚ್ಕಬ್ಯಾಡ. ಒಳಕ್ಕೇ ಬುಡ್ತೀನಿ.”

“ಬೇಡ ಕಣೆ,” ಎಂದೆ. “ಆಚೆನೇ ಒಂದು ಸ್ಟೂಲು ಹಾಕು.”