ಒಂಟಿ ಸೀನು

ನಮ್ಮ ಮನೆಯಲ್ಲಿ ಒಂದು ಸೀನು ಅಪಶಕುನ, ಜೋಡಿ ಸೀನು ಶುಭ, ಮೂರಾದರೆ ನೆಗಡಿ. ಈ ಲೆಕ್ಕ ನನಗೆ ಮದುವೆಯಾಗಿ ಬಂದ ವರ್ಷವೇ ಗೊತ್ತಾಯಿತು. ನಾನು ಬೀದರ ಕಡೆಯ ಹೆಣ್ಣು. ಕೊಟ್ಟದ್ದು ಗಡಿಯಾಚೆ, ಮರಾಠಿ ಸೀಮೆಯಲ್ಲಿ, ನಿಲಂಗಾದಿಂದ ಔರಾದ ಶಹಾಜನಿಗೆ ಹೋಗುವ ರಸ್ತೆಯ ಮೇಲಿನ ಒಂದು ಹಳ್ಳಿಗೆ. ತವರಿನ ಕೆಂಪು ಮಣ್ಣಿನಲ್ಲಿ ನನ್ನ ಮೂಗು ಯಾವ ತಕರಾರೂ ಮಾಡಿರಲಿಲ್ಲ. ಇಲ್ಲಿಯ ಸೋಯಾಬೀನಿನ ಧೂಳು, ಬದುವಿನ ತುಂಬ ಬಿಳಿ ಹೂ ಬಿಡುವ ಪಾರ್ಥೇನಿಯಂ, ಮನೆಮನೆಯ ಹೊಗೆ, ಎಲ್ಲ ಸೇರಿ ಮೊದಲ ದಸರೆಯೊಳಗೆ ಅದನ್ನು ಕೆಡಿಸಿಬಿಟ್ಟವು.

ಗಣಪತಿ ನೀರಿಗೆ ಹೋದ ಮೇಲೆ ನನ್ನ ಕಾಟ ಶುರು. ಮೊದಲು ಆ ಬಿಳಿ ಹೂವು. ದಸರೆಗೆ ರಾಶಿ ಮಷೀನು ಹೊಲದಿಂದ ಹೊಲಕ್ಕೆ ತಿರುಗುತ್ತದೆ, ಅದು ಉಗುಳುವ ಹೊಟ್ಟು ಗಾಳಿಯಲ್ಲಿ ಊರಿಗೇ ಬಂದು ಒಣಹಾಕಿದ ಬಟ್ಟೆಯ ಮೇಲೂ ಮುಚ್ಚಿಟ್ಟ ಹಾಲಿನ ಮೇಲೂ ಕೂಡುತ್ತದೆ. ದೀಪಾವಳಿ ಆದರೆ ಚಳಿ. ಎಲ್ಲರ ಹಂಡೆಯ ಕೆಳಗೂ ತೊಗರಿ ಕಟ್ಟಿಗೆ ಉರಿಯುತ್ತದೆ, ಹೊಗೆ ಮೇಲೇರಲಾರದೆ ಓಣಿಯಲ್ಲೇ ಮಲಗುತ್ತದೆ. ಸಂಕ್ರಾಂತಿಯ ಹೊತ್ತಿಗೆ ತೊಗರಿ ರಾಶಿ. ಹೋಳಿಯ ತನಕ ನನ್ನ ಮೂಗು ನನ್ನದಲ್ಲ. ಬೇಸಿಗೆಯಲ್ಲಿ, ಊರೆಲ್ಲ ಬಿಸಿಲಿಗೆ ಬಾಯಿ ಬಿಡುವಾಗ, ನಾನೊಬ್ಬಳು ಸುಖವಾಗಿರುತ್ತೇನೆ.

ಇಷ್ಟು ಸಾಲದು ಎಂಬಂತೆ ಅತ್ತೆಗೆ ಮಶೇರಿಯ ಚಟ. ತಂಬಾಕನ್ನು ಹಂಚಿನ ಮೇಲೆ ಕಪ್ಪಾಗುವ ತನಕ ಹುರಿದು, ಪುಡಿ ಮಾಡಿ ಹಲ್ಲಿಗೆ ಉಜ್ಜುವುದು ಇಲ್ಲಿಯ ಹೆಂಗಸರ ರೂಢಿ. ಅದನ್ನು ಹುರಿಯುವ ದಿನ ಬೆಕ್ಕು ಸಹ ಮನೆ ಬಿಟ್ಟು ಹೋಗುತ್ತಿತ್ತು. ನಾನು ಬೆಕ್ಕಲ್ಲವಲ್ಲ, ರೊಟ್ಟಿ ಬಡಿಯಬೇಕು.

ನಮ್ಮದು ಶರಣರನ್ನು ನಂಬಿದ ಮನೆತನ. ಕೊರಳಲ್ಲಿ ಲಿಂಗ ಇದ್ದವರಿಗೆ ಶಕುನದ ಹಂಗಿಲ್ಲ ಎಂದು ಶ್ರಾವಣದ ಪ್ರವಚನದಲ್ಲಿ ಸ್ವಾಮಿಗಳು ಹೇಳುತ್ತಿದ್ದರು, ಅತ್ತೆ ಎಲ್ಲರಿಗಿಂತ ಜೋರಾಗಿ ತಲೆದೂಗುತ್ತಿದ್ದರು. ಮರುದಿನ ಯಾರಾದರೂ ಹೊರಗೆ ಹೊರಟಾಗ ನಾನು ಸೀನಿದರೆ ಅದೇ ಅತ್ತೆ ಹೊರಟವರನ್ನು ಒಳಗೆ ಕರೆದು, ಕೂಡಿಸಿ, ನೀರು ಕುಡಿಸಿ ಕಳಿಸುತ್ತಿದ್ದರು. ಒಮ್ಮೆ ಅವರ ತಮ್ಮ ಎತ್ತು ತರಲು ದೇವಣಿಯ ಸಂತೆಗೆ ಹೊರಟಿದ್ದ. ಹೊಸ್ತಿಲು ದಾಟುವಾಗ ನಾನು ಸೀನಿದೆ, ಒಂದೇ. ಅವಸರದಲ್ಲಿದ್ದ ಅವನು ತಿರುಗಿ ಬರಲಿಲ್ಲ. ತಂದ ಎತ್ತು ಕೆಲವೇ ದಿನದಲ್ಲಿ ಕುಂಟತೊಡಗಿತು. ಗೊರಸಿನಲ್ಲಿ ಹಳೆಯ ಗಾಯವಿತ್ತು, ಮಾರಿದವನು ಮೇಣ ತುಂಬಿ ಮುಚ್ಚಿದ್ದ. ಅದನ್ನು ಎಲ್ಲರೂ ಕಣ್ಣಾರೆ ಕಂಡರು. ಆದರೂ ಎತ್ತಿನ ಕಾಲು ಕೆಟ್ಟದ್ದು ನನ್ನ ಮೂಗಿನಿಂದ ಎಂದೇ ತೀರ್ಮಾನವಾಯಿತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನರಿಗೆ ಗೊರಸು ತೋರಿಸಿ ಏನು ಮಾಡುವುದು?

ಅಂದಿನಿಂದ ಯಾರೇ ಹೊರಟರೂ ನನ್ನನ್ನು ಹಿಂದಿನ ಕೋಣೆಗೆ ಅಟ್ಟುವುದು ಪದ್ಧತಿಯಾಯಿತು. ಅದು ದನದ ಹೊಟ್ಟು ತುಂಬುವ ಕೋಣೆ. ಸೀನುವವಳನ್ನು ಹೊಟ್ಟಿನೊಳಗೆ ಕೂಡಿಸಿ ಸೀನಬೇಡ ಅನ್ನುವ ಜಾಣತನ ನಮ್ಮ ಅತ್ತೆಗೇ ಹೊಳೆಯಬೇಕು. ಒಳಗಿನಿಂದ ನನ್ನ ಸೀನುಗಳು ಸಾಲಾಗಿ ಕೇಳುತ್ತಿದ್ದವು. ಮುಚ್ಚಿದ ಬಾಗಿಲಿನ ಹಿಂದಿನ ಸೀನು ಲೆಕ್ಕಕ್ಕಿಲ್ಲವಂತೆ.

ನನಗೆ ಒಬ್ಬಳೇ ಮಗಳು. ಅವಳು ಸಣ್ಣವಳಿದ್ದಾಗ ನನ್ನ ಪಾಲಿನ ವಕೀಲೆ. ನಾನು ಒಮ್ಮೆ ಸೀನಿದರೆ ಸಾಕು, ಎಲ್ಲಿದ್ದರೂ ಓಡಿಬಂದು ‘ಆಕ್ಷೀ’ ಎಂದು ಒಂದು ಸುಳ್ಳು ಸೀನು ಸೇರಿಸಿ ಜೋಡಿ ಮಾಡುತ್ತಿದ್ದಳು. ಅಜ್ಜಿ ಬೈದರೆ “ನನಗೂ ಖರೇನೇ ಬಂತು” ಅನ್ನುತ್ತಿದ್ದಳು. ಆ ಮನೆಯಲ್ಲಿ ನನ್ನ ಪರವಾಗಿ ನಿಂತದ್ದು ಅವಳೊಬ್ಬಳೇ. ಗಂಡನನ್ನು ಕೇಳಿದರೆ ‘ಬಘೂ’ ಅನ್ನುತ್ತಿದ್ದರು. ನೋಡೋಣ ಎಂದು ಅರ್ಥ. ಮರಾಠಿಯ ಆ ಒಂದು ಶಬ್ದದಲ್ಲಿ ನನ್ನ ಸಂಸಾರ ಕಳೆದಿದೆ.

ಕೊರೊನಾ ಬಂದಾಗ ಇಡೀ ದೇಶವೇ ನಮ್ಮ ಅತ್ತೆಯ ಮಾತಿಗೆ ಬಂತು. ಸೀನಿದವರನ್ನು ಕಂಡರೆ ಜನ ಹೊಸ್ತಿಲಿನಿಂದಲೇ ತಿರುಗಿ ಹೋಗುತ್ತಿದ್ದರು. “ನಾ ಮೊದಲೇ ಹೇಳಿದ್ದೆ,” ಎಂದು ಅವರು ಎಲ್ಲರೆದುರು ಮೆರೆದರು. ನಾನು ಆ ಕಾಲವನ್ನು ಹೆಚ್ಚುಕಡಿಮೆ ಹೊಟ್ಟಿನ ಕೋಣೆಯಲ್ಲೇ ಕಳೆದೆ. ಕೊನೆಗೆ ಎದೆಯಲ್ಲಿ ಸಿಳ್ಳೆ ಹೊಡೆದಂಥ ಸದ್ದು ಬರತೊಡಗಿದಾಗ ಗಂಡ ಉಮರ್ಗಾದ ಡಾಕ್ಟರ ಹತ್ತಿರ ಕರೆದೊಯ್ದರು. ಡಾಕ್ಟರು ಧೂಳು ತಪ್ಪಿಸು ಅಂದರು. ನಮ್ಮ ಕಡೆ ಧೂಳು ತಪ್ಪಿಸಬೇಕಾದರೆ ಸಾಯಬೇಕು, ಸತ್ತರೂ ಮಣ್ಣಿಗೇ ಇಡುತ್ತಾರೆ. ಹಳದಿ ಬಣ್ಣದ ಸಣ್ಣ ಗುಳಿಗೆ ಬರೆದುಕೊಟ್ಟು, ಮಲಗುವಾಗ ಒಂದೇ ತಗೊಳ್ಳಬೇಕು, ನಿದ್ದೆ ಬಹಳ ಬರುತ್ತದೆ ಎಂದು ಎಚ್ಚರಿಸಿದರು. ಗುಳಿಗೆ ನಿಜಕ್ಕೂ ಕೆಲಸ ಮಾಡಿತು. ಅದನ್ನು ಹಳೆಯ ಅರಿಷಿಣದ ಡಬ್ಬಿಯಲ್ಲಿ ಹಾಕಿ ಅಡುಗೆಮನೆಯ ಹಲಗೆಯ ಮೇಲೆ ಇಟ್ಟುಕೊಂಡೆ.

ಮಗಳಿಗೆ ಉದಗೀರದ ಸಂಬಂಧ ಬಂತು. ಮಗಳು ಒಪ್ಪಿದ್ದಳು, ಹುಡುಗನೂ ಒಳ್ಳೆಯವನು. ನನಗೆ ಬೇಕಾಗಿದ್ದದ್ದು ಒಂದೇ. ಅವಳ ಮೇಲೆ ಅಕ್ಷತೆ ಬೀಳುವಾಗ ನಾನು ಅವಳ ಹಿಂದೆ ನಿಂತಿರಬೇಕು. ಅವಳ ಶಾಲೆಯ ಮೊದಲ ದಿನ, ಪರೀಕ್ಷೆಗಳು, ಕಾಲೇಜಿಗೆ ಹೊರಟದ್ದು, ಎಲ್ಲವನ್ನೂ ಹೊಟ್ಟಿನ ಕೋಣೆಯ ಬಾಗಿಲ ಸಂದಿಯಿಂದ ನೋಡಿದವಳು ನಾನು. ಇದೊಂದನ್ನು ಎದುರಿಗೇ ನಿಂತು ನೋಡಬೇಕಿತ್ತು.

“ವೈಶಾಖದಾಗ ಮಾಡೋಣು. ಆವಾಗ ನನ್ನ ಮೂಗು ಚೊಕ್ಕ ಇರ್ತದ,” ಅಂದೆ.

“ನಿನ್ನ ಮೂಗಿನ ಪಂಚಾಂಗ ನೋಡಿ ಲಗ್ನ ಮಾಡ್ಬೇಕೇನು?” ಅಂದರು ಅತ್ತೆ. “ಅವರು ಮಾರ್ಗಶಿರದಾಗ ಅಂದಾರ. ನೀ ಹಿಂದ ಕೂಡು.”

“ನಾ ಹಡದಾಕಿ. ನಾ ಯಾಕ ಹಿಂದ ಕೂಡ್ಲಿ?”

“ಹಡದಾಕಿ ಅಂತೇ ಹೇಳ್ಲಾಕ ಹತ್ತೀನಿ. ಮಗಳ ಛಲೋದು ನೋಡು.”

ಗಂಡ ‘ಬಘೂ’ ಅಂದರು.

ಬೀಗರ ಮನೆ ನೋಡಲು ಉದಗೀರಕ್ಕೆ ಹೋದೆವು, ಮಗಳೂ ಜೊತೆಗಿದ್ದಳು. ಮನೆ ದಾಲ್ ಮಿಲ್ಲುಗಳ ಹಿಂದಿನ ಓಣಿಯಲ್ಲಿತ್ತು. ಬೇಳೆ ಒಡೆದ ತೌಡು ಗಾಳಿಯಲ್ಲೇ ತೇಲುತ್ತಿತ್ತು, ಅವರ ಅಂಗಳದ ತುಳಸಿಯ ಎಲೆಗಳೂ ಹಳದಿಯಾಗಿದ್ದವು. ನನಗೆ ಬಾಗಿಲಲ್ಲೇ ಸೀನು ಬಂತು. ಸೆರಗನ್ನು ಬಾಯಿಗೆ ತುರುಕಿಕೊಂಡರೂ ಬಂತು. ಮಗಳು ಮಾತ್ರ ಓಢಣಿಯಿಂದ ಮೂಗು ಬಾಯಿ ಮುಚ್ಚಿ, ತಲೆ ತಗ್ಗಿಸಿ ಕೂತಿದ್ದಳು. ನಾಚಿಕೆ ಎಂದುಕೊಂಡೆ. ಬೀಗಿತ್ತಿಯೂ ಹಾಗೇ ಅಂದುಕೊಂಡು ಮೆಚ್ಚಿದಳು. ಆಮೇಲೆ ನನ್ನ ಕಡೆ ನೋಡಿ ಅತ್ತೆಯನ್ನು ಕೇಳಿದಳು: “ಇವರಿಗಿ ಇದು ಖಾಂದಾನಿ ರೋಗ ಏನ್ರೀ? ಹುಡಗೀಗೂ ಅದ?”

“ಛೇ, ಹುಡಗೀಗಿ ಏನಿಲ್ರೀ. ಇದು ಬೀದರದ ಹವಾದ್ದು. ಅಲ್ಲಿಂದ ಹಚ್ಚಿಕೊಂಡು ಬಂದಾಳ,” ಅಂದರು ಅತ್ತೆ.

ಕಣ್ಣೆದುರಿಗೆ ಅವರ ಊರಿನ ತೌಡು ನನ್ನ ಮೂಗಿಗೆ ನುಗ್ಗುತ್ತಿದ್ದರೂ ತಪ್ಪು ನನ್ನ ತವರಿನ ಗಾಳಿಯದಾಯಿತು. ಬಾಯಿಯಲ್ಲಿ ಬಿಸಿ ತುಪ್ಪ ಇದ್ದಂತಾಯಿತು, ನುಂಗಲೂ ಆಗದು ಉಗುಳಲೂ ಆಗದು. ಮಗಳ ಕಡೆ ನೋಡಿದೆ. ಅವಳು ತಲೆ ಎತ್ತಲಿಲ್ಲ.

ಮದುವೆಗೆ ನಾನು ಪರೀಕ್ಷೆಗೆ ಕೂಡುವವಳ ಹಾಗೆ ತಯಾರಿ ಮಾಡಿದೆ. ರಾತ್ರಿ ತಪ್ಪದೆ ಗುಳಿಗೆ, ಮುಂಜಾನೆ ಅಜವಾನದ ಹಬೆ, ಹೊಲದ ಕಡೆ ಕಾಲಿಡಲಿಲ್ಲ. ಸೀನು ಏರಿಬರುವಾಗ ಮೂಗಿನ ಕೆಳಗೆ, ತುಟಿಯ ಮೇಲೆ ಬೆರಳು ಒತ್ತಿ ಹಿಡಿದರೆ ಅದು ತಿರುಗಿ ಹೋಗುತ್ತದೆ. ಅದನ್ನು ಅಷ್ಟು ಅಭ್ಯಾಸ ಮಾಡಿದೆ ಎಂದರೆ ಅಲ್ಲಿಯ ಚರ್ಮ ಕಂದಿತ್ತು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದೊಂದು ಬಾಕಿ ಇತ್ತು.

ಮದುವೆ ನಿಲಂಗಾದ ಒಂದು ಮಂಗಲ ಕಾರ್ಯಾಲಯದಲ್ಲಿ. ಹಿಂದೆ ಅಡುಗೆಯವರ ಒಲೆಗಳ ಹೊಗೆ, ಮುಂದೆ ಬೀಗರು ಸುಡುವ ಪಟಾಕಿ, ನಡುವೆ ಚೆಂಡುಹೂವಿನ ಮಾಲೆಗಳು. ಹೀಗಿದ್ದೂ ಆ ಮುಂಜಾನೆ ನಾನು ಒಂದೂ ಸೀನಲಿಲ್ಲ. ಅರಿಷಿಣ ಹಚ್ಚುವಾಗಲೂ, ಬೀಗರನ್ನು ಎದುರುಗೊಳ್ಳುವಾಗಲೂ ಇಲ್ಲ. ಅತ್ತೆ ನನ್ನ ಮುಖವನ್ನೇ ಕಾಯುತ್ತಿದ್ದರು. ಅವರ ನಿರಾಸೆ ನೋಡಿ ನನಗೆ ಖುಷಿಯಾಗುತ್ತಿತ್ತು.

ಅಕ್ಷತೆಗೆ ಇನ್ನೂ ಹೊತ್ತಿತ್ತು. ಸಿಂಗಾರಗೊಂಡ ಮಗಳೇ, ಮೆಹಂದಿ ಹಚ್ಚಿದ ಕೈಯಲ್ಲಿ ನನಗೊಂದು ಕಪ್ ಚಹಾ ತಂದಳು. “ಯವ್ವಾ, ಮುಂಜಾನಿಂದ ಏನೂ ಕುಡದಿಲ್ಲ ನೀ. ಇದಿಷ್ಟು ಕುಡಿ.” ಮದುಮಗಳು ತಾಯಿಗೆ ಚಹಾ ತರುವುದು ಯಾರ ಮನೆಯಲ್ಲಿ ಉಂಟು? ನನ್ನ ಎದೆ ತುಂಬಿಬಂತು. ಚಹಾ ಕಹಿಯಾಗಿತ್ತು. ಅಡುಗೆಯವರು ಪುಡಿ ಕುದಿಸಿ ಕುದಿಸಿ ಕೆಡಿಸಿದ್ದಾರೆ ಎಂದುಕೊಂಡು ಪೂರ್ತಿ ಕುಡಿದೆ.

ಸ್ವಲ್ಪ ಹೊತ್ತಿಗೆ ಕಣ್ಣು ಎಳೆಯತೊಡಗಿತು. ಒಂದು ಗಳಿಗೆ ಎಂದು ಹಿಂದಿನ ಕೋಣೆಯ ಗಾದಿಯ ಮೇಲೆ ಒರಗಿದೆ. ಮುಂದಿನದು ನೆನಪಿರುವುದು ಕಿವಿಗೆ ಮಾತ್ರ. ಮೈಕಿನಲ್ಲಿ ಮಂಗಲಾಷ್ಟಕ ಶುರುವಾದದ್ದು ಕೇಳಿಸಿತು, ‘ಸಾವಧಾನ’ ಅನ್ನುವುದು ಮತ್ತೆ ಮತ್ತೆ ಕೇಳಿಸಿತು. ಏಳಬೇಕು ಎಂದು ಗೊತ್ತಿತ್ತು, ಕೈಕಾಲು ನನ್ನ ಮಾತು ಕೇಳಲಿಲ್ಲ. ನಂತರ ಬ್ಯಾಂಡು ಮೊಳಗಿತು.

ನನ್ನನ್ನು ಎಬ್ಬಿಸಿದ್ದು ಮಗಳನ್ನು ಬೀಳ್ಕೊಡಲು. ಗಂಡ ತೋಳು ಹಿಡಿದು ನಡೆಸಿದರು. ಕಾರಿನ ಬಾಗಿಲಲ್ಲಿ ಮಗಳು ನನ್ನ ಕೊರಳಿಗೆ ಬಿದ್ದು ಅತ್ತಳು. ನನಗೆ ಅಳು ಬರಲಿಲ್ಲ. ಆ ಗುಳಿಗೆ ಮೂಗನ್ನಷ್ಟೇ ಅಲ್ಲ, ಕಣ್ಣನ್ನೂ ಒಣಗಿಸುತ್ತದೆ. ನಾಲಿಗೆ ದಪ್ಪವಾಗಿ ‘ಹೋಗಿ ಬಾ’ ಅನ್ನಲೂ ಆಗಲಿಲ್ಲ. ಹಡೆದವಳು ಒಂದು ಹನಿ ಕಣ್ಣೀರು ಹಾಕಲಿಲ್ಲ ಎಂದು ಹೆಂಗಸರು ಮಾತಾಡಿಕೊಂಡದ್ದು ನನಗೆ ಕೇಳಿಸಿತು.

ಕಾರು ಹೋದ ಮೇಲೆ, ಮಂಪರು ಇಳಿದ ಮೇಲೆ, ಅತ್ತೆಯ ಮೇಲೆ ಬಿದ್ದೆ. ಗುಳಿಗೆ ಅರೆದು ಚಹಾದಲ್ಲಿ ಕದಡಿ, ಏನೂ ಅರಿಯದ ಮಗಳ ಕೈಯಲ್ಲಿ ಕಳಿಸಿದ್ದಾರೆ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. “ನಿಮ್ಮ ಕೈಗಿ ಹುಳ ಬೀಳ್ಲಿ,” ಅಂದೆ. ಅಷ್ಟು ವರ್ಷ ನುಂಗಿದ್ದನ್ನೆಲ್ಲ ಬೀಗರ ಕಡೆಯ ಆಳುಗಳು ಪಾತ್ರೆ ಎತ್ತುತ್ತಿರುವಾಗಲೇ ಅಂದೆ.

ಅವರು ಬೆರಳಿಗೆ ಮಶೇರಿ ತಗೊಂಡು ವಸಡಿಗೆ ಹಚ್ಚಿದರು. “ನಾ ಹಾಕಿಲ್ಲ. ನಿನ್ನ ಮಗಳಿಗಿ ಕೇಳು,” ಅಂದರು.

ನಂಬಲಿಲ್ಲ. ಅಂದಿನಿಂದ ಅವರೊಂದಿಗೆ ಮಾತು ಬಿಟ್ಟೆ. ಹಲ್ಲಿಲ್ಲದ ಮುದುಕಿಗೆ ನಿನ್ನೆಯ ರೊಟ್ಟಿ ಹಾಕಿದೆ. ಅವರು ಅದನ್ನು ನೀರಲ್ಲಿ ನೆನೆಸಿ ತಿನ್ನುವುದನ್ನು ಎದುರಿಗೆ ಕೂತು ನೋಡಿದೆ. ಸಮಾಧಾನವಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ?

ಸಂಕ್ರಾಂತಿಗೆ ಮಗಳು ತವರಿಗೆ ಬಂದಳು. ಊರಲ್ಲಿ ತೊಗರಿ ರಾಶಿ ನಡೆದಿತ್ತು. ಮುಂಜಾನೆ ಅವಳು ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಸೀನುವುದು ಕೇಳಿಸಿತು. ಒಂದರ ಹಿಂದೆ ಒಂದು, ಕೊನೆಗೆ ಉಸಿರಿಗಾಗಿ ಒದ್ದಾಟ, ನನ್ನದೇ ರೀತಿ. ಹೊರಗೆ ಬಂದಾಗ ನಾನು ಬಾಗಿಲಲ್ಲೇ ನಿಂತಿದ್ದೆ.

“ಯಾವಾಗಿಂದ?” ಅಂದೆ.

“ಕಾಲೇಜಿಗಿ ಹೋಗ್ಲಾಕ ಹತ್ತಿದಾಗಿಂದ. ನಿನ್ನ ಡಬ್ಬ್ಯಾಗಿನ ಗುಳಿಗಿ ತಗೋತಿದ್ದೆ.”

“ಲಗ್ನದ ದಿನ?”

ಅವಳು ಮುಖ ಒರೆಸಿಕೊಂಡಳು. “ನಾ ಒಂದು ತಗೊಂಡೆ. ನಿನಗ ಮೂರು ಹಾಕಿದೆ.”

“ಮುಂಜಾನಿಂದ ನಾ ಒಂದೂ ಸೀನಿದ್ದಿಲ್ಲ.”

“ಗೊತ್ತದ. ನೋಡ್ಲಾಕ ಹತ್ತಿದ್ದೆ. ಅಕ್ಷತಾ ಟೈಮಿನಾಗ ನೀ ಸೀನಿದ್ರ ಎಲ್ಲಾರೂ ಈಕಿಗೂ ಅದ ಏನು ಅಂತ ನನ್ನ ಮಾರಿ ನೋಡ್ತಿದ್ರು. ನನಗೂ ಬರ್ತಿತ್ತು. ಅಲ್ಲಿಗೇ ಮುಗೀತಿತ್ತು.”

“ನನಗ ಹೇಳಿದ್ರ ನಾನೇ ಹಿಂದ ಕೂಡ್ತಿದ್ದೆ.”

“ಕೂಡ್ತಿದ್ದಿಲ್ಲ ಯವ್ವಾ,” ಅಂದಳು.

ಅದು ನಿಜ. ಕೂಡುತ್ತಿರಲಿಲ್ಲ. ಅವಳ ಕೆನ್ನೆಗೆ ಹೊಡೆಯಬೇಕು ಅನ್ನಿಸಿತು, ಕೈ ಎತ್ತಲಿಲ್ಲ. ಇಡೀ ಮನೆತನದಲ್ಲಿ ನಾನು ನನ್ನವಳು ಎಂದುಕೊಂಡದ್ದು ಇವಳೊಬ್ಬಳನ್ನು. ನನ್ನನ್ನು ಕೋಣೆಗೆ ಅಟ್ಟುವುದನ್ನು ಅತ್ತೆ ಬಾಯಿಂದ ಹೇಳಿ ಮಾಡುತ್ತಿದ್ದರು, ನಾನು ಬೈಯಬಹುದಿತ್ತು. ಇವಳು ಮುದ್ದಿನಿಂದ ಮಾಡಿದಳು.

ಮಗಳು ಅಡುಗೆಮನೆಯ ಕಡೆ ನೋಡಿ, “ಡಬ್ಬ್ಯಾಗ ಇನ್ನಾ ಉಳದಾವೇನು?” ಅಂದಳು. “ಅಲ್ಲಿ ಔಷಧ ಅಂಗಡಿಯಾಂವ ನಮ್ಮ ಮಾವನ ದೋಸ್ತ. ತಗೋಳಾಕ ಆಗಲ್ಲ. ಮಿಲ್ಲಿಂದು ಭಾಳ ತ್ರಾಸ ಅದ. ಅವರ ಮುಂದ ಸೀನಿದ್ರ ಮುಗೀತು.”

ಡಬ್ಬಿ ತಂದು ಇದ್ದುದನ್ನೆಲ್ಲ ಅವಳ ಸೆರಗಿಗೆ ಸುರಿದೆ.

ಅತ್ತೆಯ ಹತ್ತಿರ ಆ ಬೈಗುಳ ವಾಪಸು ತಗೊಂಡಿಲ್ಲ, ಬಿಸಿ ರೊಟ್ಟಿ ಮಾತ್ರ ಮತ್ತೆ ಹಾಕತೊಡಗಿದೆ. ಅವರು ಅದನ್ನು ಹಾಲಿನಲ್ಲಿ ಮುರಿದುಕೊಂಡು ತಿನ್ನುತ್ತಾರೆ. ಈಗ ತಿಂಗಳಿಗೊಮ್ಮೆ ಉಮರ್ಗಾಕ್ಕೆ ಹೋಗಿ, ನನಗೆ ಬೇಕಾದದ್ದಕ್ಕಿಂತ ಹೆಚ್ಚು ಗುಳಿಗೆ ತರುತ್ತೇನೆ. ಉದಗೀರದ ಕಡೆ ಯಾರು ಹೊರಟರೂ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ಡಬ್ಬಿಯ ತಳದಲ್ಲಿ ಒಂದು ಪಾಕೀಟು ಇಟ್ಟು ಕೊಡುತ್ತೇನೆ. ಫೋನಿನಲ್ಲಿ ಅವಳು ‘ಮುಟ್ಟಿತು’ ಅನ್ನುತ್ತಾಳೆ, ನಾನು ‘ಹೂಂ’ ಅನ್ನುತ್ತೇನೆ. ಮಗಳನ್ನು ನಾನು ಕ್ಷಮಿಸಿಲ್ಲ. ಗುಳಿಗೆ ಕಳಿಸುವುದನ್ನು ಒಂದು ತಿಂಗಳೂ ತಪ್ಪಿಸಿಲ್ಲ.