ಆ ದಿನ ಅಕ್ಕ ಕೇಳಿದ್ದು ಏನು

ಚಳಿಗಾಲದಲ್ಲಿ ಹಿಮ ಬೀಳುವ ಆ ಊರಿನ ಬಸ್ ನಿಲ್ದಾಣದ ಮೂರನೇ ಕೌಂಟರಿನಲ್ಲಿ ಇಪ್ಪತ್ತೇಳು ವರ್ಷ ಟಿಕೆಟ್ ಕೊಟ್ಟವಳನ್ನು ಊರೆಲ್ಲ ಅಕ್ಕ ಎಂದೇ ಕರೆಯುತ್ತಿತ್ತು. ವಯಸ್ಸಿನಲ್ಲಿ ಅವಳಿಗಿಂತ ಎಷ್ಟೋ ಹಿರಿಯರು ಕೂಡ ಗಾಜಿನ ಕಿಂಡಿಗೆ ಬಾಯಿಟ್ಟು "ಅಕ್ಕಾ, ಎರಡು ಕೊಡಿ" ಅನ್ನುತ್ತಿದ್ದರು. ಅಕ್ಕ ಸುಮ್ಮನೆ ಕೊಡುವವಳಲ್ಲ. ಎಲ್ಲಿಗೆ, ಯಾಕೆ, ಮನೆಯಲ್ಲಿ ಯಾರಿಗೆ ಹುಷಾರಿಲ್ಲ, ಮಗುವಿಗೆ ಎಷ್ಟು ಹಲ್ಲು ಬಂದಿದೆ, ಎಲ್ಲ ವಿಚಾರಿಸಬೇಕು. ಸಾಲು ಬಾಗಿಲು ದಾಟಿ ಹೊರಗೆ ಬೆಳೆಯುತ್ತಿತ್ತು. ಆದರೂ ಯಾರೂ ಗೊಣಗುತ್ತಿರಲಿಲ್ಲ. ಹಿಂದೆ ನಿಂತವರಿಗೂ ಮುಂದಿನವರ ಕತೆಯಲ್ಲಿ ಒಂದು ಕಿವಿ ಇರುತ್ತಿತ್ತು. ಕೊನೆಗೆ ಟಿಕೆಟ್ ಹರಿದು ಕಿಂಡಿಯಿಂದ ತಳ್ಳಿ, "ಆಯ್ತು, ಮುಂದಿನವರು ಬನ್ನಿ" ಅನ್ನುವಳು.

ಅವಳ ಗಂಡ ಬಸ್ ಡಿಪೋದಲ್ಲಿ ಹಿರಿಯ ಮೆಕ್ಯಾನಿಕ್ ಆಗಿದ್ದ. ಎಲ್ಲರ ಬಾಯಲ್ಲಿ ಮೇಸ್ತ್ರಿ. ಇಂಜಿನ್ನಿನ ಸದ್ದು ಕೇಳಿಯೇ ಯಾವ ನಟ್ಟು ಸಡಿಲವಾಗಿದೆ ಎಂದು ಬೆರಳು ತೋರಿಸುತ್ತಿದ್ದ. ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ದಿನಕ್ಕೆ ಅವನು ಹತ್ತು ಮಾತಾಡಿದರೆ ಡಿಪೋದಲ್ಲಿ ಅದೇ ದೊಡ್ಡ ಸುದ್ದಿ. ಮನೆಯಲ್ಲಿ ಅವನಿಗೆ ಮಾತಿನ ಅಗತ್ಯವೇ ಬಿದ್ದಿರಲಿಲ್ಲ. ಒಮ್ಮೆ ಅವನಿಗೆ ಹೊಟ್ಟೆನೋವು ಬಂದಾಗ ಡಾಕ್ಟರು "ಎಲ್ಲಿ ನೋಯುತ್ತೆ?" ಎಂದರೆ, "ಬಲಗಡೆ, ಹೊಕ್ಕುಳಿಂದ ನಾಲ್ಕು ಬೆರಳು ಕೆಳಗೆ" ಎಂದು ಹೇಳಿದವಳು ಅಕ್ಕ. "ನೋವು ನಿಮಗೋ ಅವರಿಗೋ?" ಎಂದು ಡಾಕ್ಟರು ಕೇಳಿದ್ದನ್ನು ಅವಳೇ ಎಲ್ಲರ ಮುಂದೆ ಹೇಳಿಕೊಂಡು ನಗುತ್ತಿದ್ದಳು. ಮೂವತ್ನಾಲ್ಕು ವರ್ಷ ಇಬ್ಬರೂ ಹೀಗೇ ಬಾಳಿದರು. ಅವಳು ಆಡಿದಳು, ಅವನು ಹೂಂಗುಟ್ಟಿದ.

ಇಬ್ಬರೂ ಕೆಲಸದಿಂದ ನಿವೃತ್ತರಾದ ವರ್ಷವೇ, ಚಳಿ ಶುರುವಾಗುವ ಹೊತ್ತಿಗೆ, ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಅಕ್ಕನ ಕೈಯಿಂದ ಚಾಕು ಜಾರಿತು. ಪಕ್ಕದ ಮನೆಯವಳ ಬಗ್ಗೆ ಏನೋ ಹೇಳುತ್ತಿದ್ದವಳು ನಡುವೆ ನಿಂತಳು. ಪೇಪರ್ ಓದುತ್ತಿದ್ದ ಮೇಸ್ತ್ರಿ ಅಭ್ಯಾಸಬಲದಿಂದ "ಹೂಂ" ಅಂದ. ಸದ್ದಿಲ್ಲ. ತಲೆಯೆತ್ತಿ ನೋಡಿದರೆ ಅವಳ ಬಾಯಿ ಒಂದು ಪಕ್ಕಕ್ಕೆ ಜೋತಿತ್ತು.

ಮೂರು ವಾರ ಆಸ್ಪತ್ರೆ. ಬಲಗೈ ಸತ್ತಂತಾಗಿತ್ತು, ಬಲಗಾಲು ಎಳೆಯುತ್ತಿತ್ತು. ಮಾತು ಪೂರ್ತಿ ಹೋಗಿತ್ತು. ಡಾಕ್ಟರು ಮೇಸ್ತ್ರಿಯನ್ನು ಹೊರಗೆ ಕರೆದು ಹೇಳಿದರು: "ನೀವು ಹೇಳಿದ್ದು ಹೆಚ್ಚುಕಡಿಮೆ ಎಲ್ಲ ಅವರಿಗೆ ತಿಳಿಯುತ್ತೆ. ಅವರು ಹೇಳಬೇಕು ಅಂದ್ಕೊಂಡಿದ್ದು ಹೊರಗೆ ಬರೋ ದಾರಿ ಮುಚ್ಚಿದೆ. ಹೌದು, ಅಲ್ಲ ಅನ್ನೋದು ಕೂಡ ಒಂದೊಂದು ಸಲ ತಿರುಗುಮುರುಗಾಗುತ್ತೆ. ತಾಳ್ಮೆ ಇರಲಿ."

ಮನೆಗೆ ಬರುವಾಗ ಅಕ್ಕನಿಗೆ ಒಂದೇ ಒಂದು ಮಾತು ವಾಪಸ್ಸು ಬಂದಿತ್ತು. "ಆಯ್ತು." ಹಸಿವಾದರೂ ಆಯ್ತು, ಹೊಟ್ಟೆ ತುಂಬಿದರೂ ಆಯ್ತು. ಸಿಟ್ಟಿಗೂ ಅದೇ, ನಗುವಿಗೂ ಅದೇ. ಎಡಗೈಗೆ ಪೆನ್ಸಿಲ್ ಕೊಟ್ಟರೆ ಕಾಗದದ ಮೇಲೆ ಗೆರೆಗಳು ಒಂದರ ಮೇಲೊಂದು ಬಿದ್ದು ಗೋಜಲಾಗುತ್ತಿದ್ದವು. ವಾರಕ್ಕೆರಡು ಸಲ ಮಾತು ಕಲಿಸುವ ಹುಡುಗಿ ಬರುತ್ತಿದ್ದಳು. ಕನ್ನಡಿ ಮುಂದೆ ಕೂರಿಸಿ "ನೀ...ರು" ಅನ್ನಿಸುತ್ತಿದ್ದಳು. ಅಕ್ಕ ಬೆವರು ಹರಿಸಿ ತುಟಿ ಕೂಡಿಸಿ, ಕೊನೆಗೆ "ಆಯ್ತು" ಅಂದು ತಾನೇ ತಲೆ ಚಚ್ಚಿಕೊಳ್ಳುತ್ತಿದ್ದಳು.

ಡಿಸೆಂಬರ್ ಮೂವತ್ತಕ್ಕೆ ಮಗಳು, ಅಳಿಯ, ಏಳು ವರ್ಷದ ಮೊಮ್ಮಗಳು ಬಂದರು. ಹೊಸ ವರ್ಷದ ದಿನವೇ ಸಂಜೆಯ ಬಸ್ಸಿಗೆ ಹೊರಡುವ ಯೋಚನೆ. ಅವರು ಬಂದಿಳಿದ ಮೇಲೆ ಹಿಮ ಸುರಿಯಲು ಹತ್ತಿದ್ದು ನಿಲ್ಲಲೇ ಇಲ್ಲ. ಮರುದಿನ ಬೆಳಿಗ್ಗೆ ಹೊರಗಿನ ಮೂರು ಮೆಟ್ಟಿಲುಗಳಲ್ಲಿ ಎರಡು ಮಾಯವಾಗಿದ್ದವು, ಬಸ್ಸುಗಳು ನಿಂತುಹೋಗಿದ್ದವು. "ಒಳ್ಳೇದೇ ಆಯ್ತು ಬಿಡಿ ಮಾವ. ನಮ್ಮನ್ನ ಓಡಿಸೋಕೆ ನೀವು ಎಷ್ಟು ಪ್ರಯತ್ನಪಟ್ರೂ ಆಗಲ್ಲ" ಅಂದ ಅಳಿಯ. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಅವನಿಗೆ ಬಾಯಿ ಸುಮ್ಮನಿರದು. ಅತ್ತೆಗೂ ಅವನಿಗೂ ಮೊದಲಿನಿಂದ ಸರಿಜೋಡಿ.

ಎರಡು ಕೋಣೆಯ ಮನೆ. ಮುಂದಿನ ಕೋಣೆಯಲ್ಲಿ ಮಾತ್ರ ಹೀಟರು ಚೆನ್ನಾಗಿ ಕಾಯುತ್ತಿತ್ತು. ಹಾಸಿಗೆಗಳನ್ನೆಲ್ಲ ಅಲ್ಲಿಗೇ ಎಳೆದು ತಂದು ಐವರೂ ಒಂದೇ ಕಡೆ ಬಿದ್ದುಕೊಂಡರು. ಹೀಟರಿನ ಮೇಲೆ ಸಾಲಾಗಿ ಕಾಲುಚೀಲ. ಕಿಟಕಿಯ ಗಾಜಿಗೆ ಹಬೆ ಕಟ್ಟಿ, ಮೊಮ್ಮಗಳು ಅದರ ಮೇಲೆ ಬೆರಳಿನಿಂದ ಬೆಕ್ಕು ಬರೆದಳು. ಬೆಕ್ಕಿನ ಕಣ್ಣಿನಿಂದ ನೀರಿಳಿಯಿತು. ಮಗಳು ಆಲೂಗಡ್ಡೆ ಸೂಪು ಕಾಯಿಸಿದಳು, ಅಮ್ಮನ ತಲೆ ಬಾಚಿ ಜಡೆ ಹಾಕಿದಳು. ಅಳಿಯ ಮನೆಯ ಕನ್ನಡಕಗಳನ್ನೆಲ್ಲ ಒಟ್ಟುಮಾಡಿ ಒರೆಸಿ, ಮೇಸ್ತ್ರಿಗೆ ಅಕ್ಕನದನ್ನು, ಅಕ್ಕನಿಗೆ ಮೇಸ್ತ್ರಿಯದನ್ನು ಹಾಕಿಬಿಟ್ಟ. "ಆಯ್ತು!" ಎಂದು ಅಕ್ಕ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಎರಡು ತಿಂಗಳ ಮೇಲೆ ಆ ನಗು ಕೇಳಿದ ಮೇಸ್ತ್ರಿ ಸುಮ್ಮನೆ ಎದ್ದು ಹೋಗಿ, ಇನ್ನೂ ಕುದಿಯದ ನೀರಿನ ಪಾತ್ರೆಯ ಮುಚ್ಚಳ ತೆಗೆದು ನೋಡಿ ಬಂದ.

ಹೊಸ ವರ್ಷಕ್ಕಾಗಿ ಯಾರೂ ಕಾದು ಕೂರಲಿಲ್ಲ. "ತಾನಾಗೇ ಬರುತ್ತೆ, ನಾವೇನು ಹೋಗಿ ಕರ್ಕೊಂಡು ಬರಬೇಕಾ?" ಎಂದು ಅಳಿಯ ಕಂಬಳಿ ಎಳೆದುಕೊಂಡ.

ಬೆಳಿಗ್ಗೆ ತಿಂಡಿಯ ಹೊತ್ತಿಗೆ ಬಿಸಿಲು ಬಿದ್ದಿತ್ತು. ಸುಟ್ಟ ಬ್ರೆಡ್ಡಿಗೆ ಬೆಣ್ಣೆ ಸವರಿ ಮಗಳು ತಟ್ಟೆಗಿಡುತ್ತಿದ್ದಳು. ಅಕ್ಕ ಇದ್ದಕ್ಕಿದ್ದಂತೆ ಚಹಾ ಲೋಟ ಕೆಳಗಿಟ್ಟಳು. ಏನೋ ಹೊಳೆದವಳ ಹಾಗೆ ಮುಖ ಅರಳಿತು. ಎಡಗೈ ಚಾಚಿ, "ಆಯ್ತು" ಅಂದಳು.

"ಏನಮ್ಮ, ಇನ್ನೊಂದು ಬ್ರೆಡ್ಡಾ?"

"ಆಯ್ತು." ತಲೆ ಅಡ್ಡಡ್ಡ ಆಡಿತು. ಕೈ ಬಾಗಿಲ ಕಡೆಗೋ, ಬಾಗಿಲ ಪಕ್ಕದ ಬೀರುವಿನ ಕಡೆಗೋ, ಅದರಾಚೆಯ ಕಿಟಕಿಗೋ ತೋರಿಸುತ್ತಿತ್ತು. ಮೂರೂ ಒಂದೇ ದಿಕ್ಕಿನಲ್ಲಿದ್ದವು.

ಮೇಸ್ತ್ರಿ ಎದ್ದು ಶಾಲು ತಂದ. ಅಲ್ಲ. ಮಾತ್ರೆ ಡಬ್ಬಿ ತಂದ. ಅಲ್ಲ. ಕಿಟಕಿಯ ಪರದೆ ಸರಿಸಿದ, ಮುಚ್ಚಿದ. ಅಳಿಯ "ಇದು ಒಳ್ಳೇ ಆಟ, ನಾನು ಗೆಲ್ತೀನಿ" ಎಂದು ಬೀರು ತೆರೆದು ಒಂದೊಂದೇ ಸಾಮಾನು ಎತ್ತಿ ಹಿಡಿದ. ಕೌಂಟರಿನ ಹಳೆಯ ಸಮವಸ್ತ್ರದ ಕೋಟು, ಗುಂಡಿಗಳ ಡಬ್ಬಿ, ಫೋಟೋ ಆಲ್ಬಮ್, ಒಡೆದ ಛತ್ರಿ. ಮೊಮ್ಮಗಳು ಪ್ರತಿಯೊಂದಕ್ಕೂ "ಇದಾ ಅಜ್ಜಿ?" ಎಂದು ಕೂಗುತ್ತಿದ್ದಳು. ಮೊದಮೊದಲು ಅಕ್ಕನೂ ನಗುತ್ತಿದ್ದಳು. ಬೀರು ಖಾಲಿಯಾಗಿ ಹಾಸಿಗೆಯ ಮೇಲೆ ಗುಡ್ಡೆ ಬಿದ್ದಾಗ ಅವಳ ನಗು ನಿಂತಿತ್ತು.

"ಹೊರಗೇನೋ ಇರಬೇಕು" ಎಂದು ಅಳಿಯ ಬೂಟು ಹಾಕಿ ಬೀದಿಗಿಳಿದ. ಮೊಣಕಾಲವರೆಗೆ ಹಿಮದಲ್ಲಿ ಹೂತು, ಕಿಟಕಿಯ ಎದುರು ನಿಂತು, ಮರ ತೋರಿಸಿದ, ಎದುರುಮನೆ ತೋರಿಸಿದ, ದೀಪದ ಕಂಬ ತಬ್ಬಿಕೊಂಡು ನಿಂತ. ಅಕ್ಕ ಎಲ್ಲಕ್ಕೂ ತಲೆಯಾಡಿಸಿದಳು. ಹೌದೆಂದೋ ಅಲ್ಲವೆಂದೋ ಒಳಗಿದ್ದವರಿಗೇ ತಿಳಿಯಲಿಲ್ಲ. ಅವನು ಒದ್ದೆ ಕಾಲಲ್ಲಿ ಪೆಚ್ಚುಮೋರೆ ಹಾಕಿಕೊಂಡು ಒಳಗೆ ಬಂದ.

ಮೊಮ್ಮಗಳು ಬಣ್ಣದ ಪೆನ್ಸಿಲ್ ತಂದು ಅಜ್ಜಿಯ ಕಾಲ ಬಳಿ ಕೂತಳು. ಮನೆ ಬರೆದಳು, ಹಕ್ಕಿ ಬರೆದಳು, ಕೊನೆಗೆ ಬಸ್ಸು ಬರೆದಳು. ಅಕ್ಕ ಬಾಗಿ ಬಸ್ಸಿನ ಮೇಲೆ ಬೆರಳಿಟ್ಟು ಒತ್ತಿದಳು. "ಆಯ್ತು! ಆಯ್ತು ಆಯ್ತು!"

ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟರು. "ಬಸ್ಸು! ತಾತ, ಅಜ್ಜಿಗೆ ಬಸ್ಸು!" ಎಂದು ಮಗು ಕುಣಿಯಿತು.

ಆದರೆ ಬಸ್ಸಿನ ವಿಷಯ ಏನು? "ಎಲ್ಲಿಗಾದ್ರೂ ಹೋಗಬೇಕಾ ಅಮ್ಮ? ಯಾರಾದ್ರೂ ಬರಬೇಕಾ? ನಾವು ಹೊರಡೋದು ಬೇಡ್ವಾ?" ಮಗಳ ಒಂದೊಂದು ಪ್ರಶ್ನೆಗೂ ಅಕ್ಕನ ಮುಖ ಇನ್ನಷ್ಟು ಬಿಗಿಯಾಯಿತು. ಮೇಸ್ತ್ರಿಗೆ ಏನೋ ಹೊಳೆಯಿತು. ಹಾಸಿಗೆ ಮೇಲಿನ ಗುಡ್ಡೆಯೊಳಗಿಂದ ಬಸ್ಸಿನ ಹಳೆಯ ವೇಳಾಪಟ್ಟಿ ಹುಡುಕಿ ಅವಳ ತೊಡೆಯ ಮೇಲೆ ಬಿಡಿಸಿಟ್ಟ. ಅವಳು ಅದನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಎಡಗೈಯಿಂದ ಎತ್ತಿ ಎಸೆದಳು. ಅದು ಚಹಾ ಲೋಟಕ್ಕೆ ಬಡಿದು, ಚಹಾ ಹಾಸಿಗೆ ಮೇಲೆಲ್ಲ ಚೆಲ್ಲಿತು.

ಮೊಮ್ಮಗಳ ತುಟಿ ನಡುಗತೊಡಗಿತು. ಮಗಳು ಬಟ್ಟೆ ತಂದು ಒರೆಸುತ್ತ ಒರೆಸುತ್ತ ತಟ್ಟನೆ ಅಪ್ಪನ ಕಡೆ ತಿರುಗಿದಳು.

"ಮೂವತ್ನಾಲ್ಕು ವರ್ಷ ಜೊತೆಗಿದ್ದೀಯಲ್ಲಪ್ಪ. ಹೊಸ ವರ್ಷದ ದಿನ ಅಮ್ಮ ಏನು ಮಾಡ್ತಿದ್ಲು, ಏನು ಕೇಳ್ತಿದ್ಲು, ಬಸ್ಸಿನ ವಿಷಯ ಏನು ಹೇಳ್ತಿದ್ಲು? ನಿಂಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತಿರುತ್ತೆ?"

ಮೇಸ್ತ್ರಿ ನೆನಪು ಮಾಡಿಕೊಳ್ಳಲು ನೋಡಿದ. ಹೋದ ವರ್ಷ, ಅದರ ಹಿಂದಿನ ವರ್ಷ. ಇದೇ ಕೋಣೆ, ಇದೇ ಚಳಿ. ಅಕ್ಕ ಮಾತಾಡುತ್ತಿದ್ದಾಳೆ, ಅವನು ಬೂಟಿಗೆ ಪಾಲಿಶ್ ಹಾಕುತ್ತಿದ್ದಾನೆ. ಅವಳ ದನಿ ಏರಿದ್ದು, ಇಳಿದಿದ್ದು, ನಡುವೆ ನಕ್ಕಿದ್ದು, ಎಲ್ಲ ಕಿವಿಯಲ್ಲಿ ಹಾಗೇ ಇದೆ. ಮಾತು ಮಾತ್ರ ಒಂದೂ ಇಲ್ಲ.

"ನನಗೆ ಗೊತ್ತಿಲ್ಲ ಕಣಮ್ಮ" ಅಂದ. ವೇಳಾಪಟ್ಟಿ ಎತ್ತಿ ಮಡಿಸುತ್ತ, "ಅವಳು ಮಾತಾಡ್ತಿದ್ರೆ ನನಗೆ ಹಾಯಾಗಿರ್ತಿತ್ತು. ಏನು ಹೇಳ್ತಿದ್ದಾಳೆ ಅಂತ ನಾನು... ಅಷ್ಟು ಗಮನ ಇಟ್ಟು ಕೇಳ್ತಿರಲಿಲ್ಲ" ಅಂದ.

ಅಕ್ಕ ಎದುರಿಗೇ ಕೂತಿದ್ದಳು. ಅವಳಿಗೆ ಎಲ್ಲ ತಿಳಿಯುತ್ತದೆ ಎಂದು ಡಾಕ್ಟರು ಹೇಳಿದ್ದು ಅವನಿಗೆ ಆಡಿದ ಮೇಲೆ ನೆನಪಾಯಿತು. ಅವನ ಕಿವಿ ಕೆಂಪಾಯಿತು. ಅಕ್ಕ ಅವನನ್ನೇ ನೋಡಿದಳು. ಆ ನೋಟದಲ್ಲಿ ಸಿಟ್ಟಿತ್ತೋ, ಇದು ನನಗೆ ಯಾವತ್ತೋ ಗೊತ್ತಿತ್ತು ಎಂಬ ಭಾವವಿತ್ತೋ, ಮೇಸ್ತ್ರಿಗೆ ಅದೂ ತಿಳಿಯಲಿಲ್ಲ.

ಮಗಳು ಮಾತು ಕಲಿಸುವ ಹುಡುಗಿಗೆ ಫೋನ್ ಮಾಡಿದಳು. ಅವಳೂ ಮನೆಯಲ್ಲೇ ಸಿಕ್ಕಿಬಿದ್ದಿದ್ದಳು. "ಒತ್ತಾಯ ಮಾಡಬೇಡಿ, ಸುಸ್ತಾದಷ್ಟೂ ಇನ್ನೂ ಕಷ್ಟ. ಬಿಟ್ಟುಬಿಡಿ, ಆಮೇಲೆ ತಾವಾಗೇ ತೋರಿಸಬಹುದು" ಅಂದಳು.

ಬಿಟ್ಟರು. ಬೇರೇನು ಮಾಡಲೂ ತೋಚಲಿಲ್ಲ. ಮಧ್ಯಾಹ್ನದ ಊಟವಾಯಿತು. ಅಳಿಯ ಇಸ್ಪೀಟು ಕಲೆಸಿದ, ಯಾರೂ ಮನಸ್ಸಿಟ್ಟು ಆಡಲಿಲ್ಲ. ಅಕ್ಕ ಎರಡು ಸಲ ಮತ್ತೆ ಕೈಯೆತ್ತಿ ತೋರಿಸಿದಳು, ದನಿ ತಗ್ಗಿಸಿ "ಆಯ್ತು" ಅಂದಳು. ಎರಡು ಸಲವೂ ಮೇಸ್ತ್ರಿ ಓಡಿ ಬಂದು ಮೊಣಕಾಲೂರಿ ಕೂತು, "ಹೇಳು, ಹೇಳು" ಅಂದ. ಬೆಳಗಿನಿಂದ ಅವನು ಆಡಿದಷ್ಟು ಮಾತು ಒಂದು ತಿಂಗಳಲ್ಲಿ ಆಡಿರಲಿಲ್ಲ. ಬೆಚ್ಚಗಿನ ಕೋಣೆ, ಸುತ್ತ ಮನೆಮಂದಿಯೆಲ್ಲ ಇದ್ದಾರೆ, ಒಬ್ಬೊಬ್ಬರೂ ಅವಳಿಗಾಗಿ ಏನು ಮಾಡಲೂ ಸಿದ್ಧರಿದ್ದಾರೆ. ಮಾಡಬೇಕಾದ್ದು ಏನೆಂದು ಮಾತ್ರ ಯಾರಿಗೂ ಗೊತ್ತಿಲ್ಲ.

ಹೊರಗೆ ಬೆಳಕು ಕಂದುತ್ತ ಬಂದಾಗ ಅಕ್ಕನ ಕೈ ತೊಡೆಯ ಮೇಲೆ ಬಿದ್ದಿತು. ಹೊತ್ತು ಮೀರಿತು ಎನ್ನುವ ಹಾಗೆ ಅವಳು ಕಿಟಕಿಯಿಂದ ಮುಖ ತಿರುಗಿಸಿಕೊಂಡಳು. ಮೊಮ್ಮಗಳನ್ನು ಕಣ್ಣಲ್ಲೇ ಕರೆದು ಒಳ್ಳೆಯ ಕೈಯಿಂದ ಬಳಸಿ ಕೂರಿಸಿಕೊಂಡಳು. ಮೇಸ್ತ್ರಿ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟ. ನೀರಿನ ಸದ್ದಿನ ಮರೆಯಲ್ಲಿ, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತ, ಅತ್ತ. ಸ್ವಲ್ಪ ಹೊತ್ತಿಗೆ ಅಳಿಯ ಬಂದು, ಏನೂ ಹೇಳದೆ, ಪಕ್ಕದಲ್ಲಿ ನಿಂತು ಪಾತ್ರೆ ಒರೆಸಿದ. ಅವನು ಬಾಯಿ ಮುಚ್ಚಿ ನಿಂತದ್ದನ್ನು ಮೇಸ್ತ್ರಿ ಅದೇ ಮೊದಲು ಕಂಡದ್ದು.

ಮೂರನೇ ತಾರೀಖು ದಾರಿ ತೆರೆಯಿತು. ಹೊರಡುವಾಗ ಮಗಳು ಅಪ್ಪನ ಕೋಟಿನ ಗುಂಡಿ ಹಾಕುತ್ತ, "ಅವತ್ತು ಹಾಗೆ ಕೂಗಬಾರ್ದಿತ್ತು ಅಪ್ಪ" ಅಂದಳು. "ನೀನು ಕೇಳಿದ್ದು ಸರಿಯಾಗೇ ಇತ್ತು" ಅಂದ ಮೇಸ್ತ್ರಿ.

ಮಾರ್ಚಿನ ಹೊತ್ತಿಗೆ ಅಕ್ಕನಿಗೆ ಹತ್ತು ಹನ್ನೊಂದು ಮಾತು ಬಂದಿದ್ದವು. ನೀರು, ಬಿಸಿ, ಸಾಕು, ಮಗಳ ಹೆಸರಿನ ಅರ್ಧ. ಮೇಸ್ತ್ರಿ ಎಂಬುದು "ಮೇ" ಆಗಿತ್ತು. ಡಿಪೋದ ಗೆಳೆಯರು ಆಡಿನ ಹಾಗೆ ಕೂಗಿ ಅವನನ್ನು ರೇಗಿಸುತ್ತಿದ್ದರು. ಒಂದು ದಿನ ಇಬ್ಬರೂ ಅಂಗಳದ ಬಿಸಿಲಿಗೆ ಕುರ್ಚಿ ಹಾಕಿ ಕೂತಿದ್ದಾಗ, ಎಷ್ಟೋ ದಿನದಿಂದ ಒಳಗೇ ಕೊರೆಯುತ್ತಿದ್ದುದನ್ನು ಅವನು ಕೇಳಿಯೇ ಬಿಟ್ಟ.

"ಹೊಸ ವರ್ಷದ ದಿನ ಏನೋ ತೋರಿಸ್ತಿದ್ದೆಯಲ್ಲ, ಬಸ್ಸು ಅಂತ. ಅದೇನು?"

ಅಕ್ಕ ಹುಬ್ಬು ಗಂಟಿಕ್ಕಿ ಯೋಚಿಸಿದಳು. ಬಹಳ ಹೊತ್ತು ಯೋಚಿಸಿದಳು. "ಬಿಳಿ" ಅಂದಳು. ಹಿಮ ಬಿದ್ದದ್ದು ನೆನಪಿತ್ತು. ಉಳಿದದ್ದು ಇರಲಿಲ್ಲ.

ಆಗ ಮೇಸ್ತ್ರಿ ಆ ದಿನದ ಕತೆಯನ್ನು ಮೊದಲಿನಿಂದ ಹೇಳತೊಡಗಿದ. ಅವನಿಗೆ ಕತೆ ಹೇಳಿ ಅಭ್ಯಾಸವಿಲ್ಲ. ಹಿಂದಿನದು ಮುಂದೆ, ಮುಂದಿನದು ಹಿಂದೆ ಬರುತ್ತಿತ್ತು. ಅಕ್ಕ ಅವನ ಬಾಯನ್ನೇ ನೋಡುತ್ತ ಕೇಳಿದಳು. ಅಳಿಯ ಹಿಮದಲ್ಲಿ ನಿಂತು ಕಂಬ ತಬ್ಬಿಕೊಂಡ ಕಡೆ ಅವಳಿಗೆ ನಗು ಬಂತು. ವೇಳಾಪಟ್ಟಿ ತಂದು ತೊಡೆಯ ಮೇಲಿಟ್ಟೆ ಎಂದಾಗ ಇನ್ನೂ ಜೋರಾಗಿ, ಕುರ್ಚಿಯ ಕೈ ಹಿಡಿದುಕೊಂಡು ನಕ್ಕಳು.

"ಯಾಕೆ? ಅದರಲ್ಲಿ ನಗೋದೇನಿದೆ?" ಎಂದು ಮೇಸ್ತ್ರಿ ಕುರ್ಚಿ ಹತ್ತಿರ ಎಳೆದುಕೊಂಡ.

ಅಕ್ಕ ಬಾಯಿ ತೆರೆದಳು, ತುಟಿ ಕೂಡಿಸಿದಳು, ಮತ್ತೆ ತೆರೆದಳು. ಅದನ್ನು ಹೇಳುವ ಮಾತು ಇನ್ನೂ ಬಂದಿರಲಿಲ್ಲ.