ಎಡಗೈ ಬೆಸುಗೆ

ಪುಟ್ಟೇನಹಳ್ಳಿಯ ತಿಮ್ಮಕ್ಕ ಓದಿದ್ದು ಮೂರನೇ ಕ್ಲಾಸು. ಜೆ.ಪಿ. ನಗರದ ನಮ್ಮ ರೇಡಿಯೋ ಕಾರ್ಖಾನೆಯಲ್ಲಿ ನಾಲ್ಕು ವರ್ಷದಿಂದ ದಿನಗೂಲಿ. ಎಸ್ಸೆಸ್ಸೆಲ್ಸಿ ಪಾಸಾಗಿ ಬಂದ ನನಗೆ ಬೆಸುಗೆ ಹಾಕುವುದನ್ನು ಕೈಹಿಡಿದು ಕಲಿಸಿದವಳು ಅವಳೇ. ಕಲಿಸುವಾಗ ಬಾಯಿಗೆ ಬಂದಂತೆ ಬೈಯುತ್ತಿದ್ದಳು.

೧೯೭೯ರಲ್ಲಿ ಮೇಲಿನವರಿಗೆ ಹೀಗೆ ಪಕ್ಕದಲ್ಲಿ ಕೂತು ಕಲಿಯುವುದು ಹಳೇ ಕಾಲದ್ದು ಅನ್ನಿಸಿತು. ಫಾರಿನ್ನಿಂದ ಸ್ಲೈಡ್ ಪ್ರೊಜೆಕ್ಟರ್ ತರಿಸಿದರು. ಕತ್ತಲೆ ಕೋಣೆ, ಗೋಡೆಯ ಮೇಲೆ ಚಿತ್ರ, ಟೇಪಿನಲ್ಲಿ ವಿವರಣೆ. 'ಟಿಣ್' ಅಂದರೆ ಮುಂದಿನ ಚಿತ್ರ. ಒಂದು ವಾರ ಪಾಠ, ಶನಿವಾರ ಪರೀಕ್ಷೆ. ಪಾಸಾದವರು ಪರ್ಮನೆಂಟ್. ಇವತ್ತು ಕೆಲಸ ಇದೆಯೋ ಇಲ್ಲವೋ ಎಂದು ದಿನಾ ಗೇಟಿನಲ್ಲಿ ಕಾಯುವುದು ತಿಮ್ಮಕ್ಕನಿಗೆ ಸಾಕಾಗಿಹೋಗಿತ್ತು.

ಎರಡನೇ ದಿನವೇ ಅವಳು ಎದ್ದು ನಿಂತಳು. "ಸಾರ್, ಈ ಚಿತ್ರ ತಿರುಗುಮುರುಗಾಗೈತೆ. ಕೆಪಾಸಿಟರ್ ಮೇಲಿನ ಕಪ್ಪು ಪಟ್ಟೆ ಬಲಕ್ಕೆ ಬರ್ಬೇಕು. ಚಿತ್ರದಾಗಿರೋನು ಎಡಗೈಲಿ ಬೆಸುಗೆ ಹಾಕ್ತಾವ್ನೆ, ನೋಡಿ."

ಎಂಜಿನಿಯರ್ ಅನಂತರಾಮು ಒಳ್ಳೆಯವರೇ, ಆದರೆ ಯಂತ್ರ ಕಂಡರೆ ಕೈಮುಗಿಯುವ ಪೈಕಿ. "ಅಲ್ಲೂ ಎಡಚರು ಇರ್ತಾರಮ್ಮ, ಕೂತ್ಕೋ," ಅಂದರು. ನಾವೆಲ್ಲ ನಕ್ಕೆವು.

ಪರೀಕ್ಷೆಯಲ್ಲಿ ಒಬ್ಬೊಬ್ಬರಿಗೂ ಒಂದು ರೇಡಿಯೋ ಬೋರ್ಡು; ಅದರ ಮೇಲೆ ಕೆಪಾಸಿಟರನ್ನು ಚಿತ್ರದಲ್ಲಿದ್ದಂತೆ ಕೂರಿಸಿದ್ದರೆ ಪಾಸು. ತಿಮ್ಮಕ್ಕ ಪಟ್ಟೆಯನ್ನು ಬಲಕ್ಕೇ ಕೂರಿಸಿದಳು. ಅದೇ ಸರಿ ಎಂದು ನನಗೂ ಗೊತ್ತಿತ್ತು. ಆದರೂ ಗೋಡೆ ನೋಡಿಕೊಂಡು ಎಡಕ್ಕೆ ಕೂರಿಸಿದೆ. ಹನ್ನೊಂದು ಜನ ಪಾಸು, ತಿಮ್ಮಕ್ಕ ಒಬ್ಬಳು ಫೇಲು. ಪಟ್ಟಿ ಆ ಸಂಜೆಯೇ ಹೆಡ್ ಆಫೀಸಿಗೆ ಹೋಯಿತು.

ಸೋಮವಾರ ಬೋರ್ಡುಗಳಿಗೆ ಕರೆಂಟು ಕೊಟ್ಟಾಗ, ಉಲ್ಟಾ ಕೂತಿದ್ದ ನಮ್ಮ ಹನ್ನೊಂದು ಕೆಪಾಸಿಟರುಗಳೂ ಟಪಟಪ ಸಿಡಿದವು. ನೋಡಿದರೆ ಅನಂತರಾಮು ಸ್ಲೈಡುಗಳನ್ನೇ ಹಿಂದುಮುಂದಾಗಿ, ಎಡ ಬಲವಾಗುವಂತೆ ಹಾಕಿದ್ದರು. ಕಳಿಸಿದ ಪಟ್ಟಿಯನ್ನು ವಾಪಸು ತರಿಸುವ ಧೈರ್ಯ ಅವರಿಗಿರಲಿಲ್ಲ.

"ಮುಂದಿನ ವರ್ಷ ಮತ್ತೆ ಪರೀಕ್ಷೆ ಇಡ್ತೀವಮ್ಮ," ಅಂದರು.

"ಆಗ ಚಿತ್ರ ಯಾವ ಕಡೆಗಿರ್ತದೋ ಮೊದ್ಲೇ ಹೇಳ್ಬುಡಿ ಸಾರ್, ಹಂಗೇ ಕೂರುಸ್ತೀನಿ," ಅಂದಳು ತಿಮ್ಮಕ್ಕ.

ಸುಟ್ಟ ಹನ್ನೊಂದು ಬೋರ್ಡುಗಳನ್ನೂ ರಿಪೇರಿ ಮಾಡಲು ಅವಳಿಗೇ ಕೊಟ್ಟರು, ದಿನಗೂಲಿಯ ಮೇಲೆ. ನಾನು ನಾಚಿಕೆಯಿಂದ ನನ್ನ ಬೋರ್ಡಿಗೆ ಅಂಟಿಸಿದ್ದ ಹೆಸರಿನ ಚೀಟಿಯನ್ನು ಮೊದಲೇ ಕಿತ್ತುಹಾಕಿದ್ದೆ. ಅವಳು ಆ ಬೋರ್ಡನ್ನು ಎತ್ತಿಕೊಂಡು ಬೆಳಕಿಗೆ ಹಿಡಿದಳು.

"ಇದು ನಿಂದು. ನಾನು ಕಲಿಸಿದ್ದಲ್ವಾ, ಬೆಸುಗೆ ಚೆನ್ನಾಗೈತೆ," ಅಂದಳು.